ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಮೆರಿಕದಿಂದ ಬಂದವರು ಕಂಪ್ಯೂಟರ್ ಬಗ್ಗೆಯೋ ಅಲ್ಲಿಯ ಉದ್ಯೋಗದ ಬಗ್ಗೆಯೋ ಮಾತಾಡುವುದು ವಾಡಿಕೆ. ಆದರೆ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಫೋನಿನಲ್ಲಿ, "ಕೆಲಸದ ವಿಷಯ ಎಲ್ಲರೂ ಹೇಳ್ತಾರೆ ಸಾರ್, ನೀವು ಒಂದು ಆಟದ ವಿಷಯ ಹೇಳಿ" ಎಂದರು. ಅದಕ್ಕೇ ಇವತ್ತು ಅಲ್ಲಿಯ ಕಾಲೇಜು ಫುಟ್‌ಬಾಲ್ ಬಗ್ಗೆ, ಅದರಲ್ಲೂ ಆಟಗಾರನಿಗೆ ಹಾಕಿದ ದಂಡ ಸರಿಯೋ ತಪ್ಪೋ ಎಂದು ವಿಡಿಯೊ ನೋಡಿ ತೀರ್ಮಾನಿಸುವ ಪದ್ಧತಿಯ ಬಗ್ಗೆ ಮಾತಾಡುತ್ತೇನೆ. ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ಸಂಬಂಧ ತಾನಾಗಿ ಕಾಣುತ್ತದೆ.

ಅಲ್ಲಿಯವರು ಫುಟ್‌ಬಾಲ್ ಎನ್ನುವುದು ನೀವು ಆಡುವ ಫುಟ್‌ಬಾಲ್ ಅಲ್ಲ. ಚೆಂಡು ಗುಂಡಗಿರುವುದಿಲ್ಲ, ಎರಡೂ ತುದಿ ಚೂಪಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ತಂಡಕ್ಕೆ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಗಳು ಮೈಮೇಲೆ ಬಿದ್ದು ಕೆಡವಿ ತಡೆಯುತ್ತಾರೆ. ಅದಕ್ಕೇ ತಲೆಗೆ ಹೆಲ್ಮೆಟ್, ಭುಜಕ್ಕೆ ರಕ್ಷಾಕವಚ. ಫೌಲ್ ಕಂಡ ತೀರ್ಪುಗಾರ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಹಳದಿ ಬಟ್ಟೆಯನ್ನು ನೆಲಕ್ಕೆ ಎಸೆಯುತ್ತಾನೆ. ತಪ್ಪಿಗೆ ತಕ್ಕಂತೆ 5, 10 ಅಥವಾ 15 ಗಜ ದಂಡ.

ಆಡುವವರು ಕಾಲೇಜಿನ ಹುಡುಗರು. ಆದರೆ ನೋಡುವವರ ಸಂಖ್ಯೆ ಕೇಳಿದರೆ ನೀವು ನಂಬಲಾರಿರಿ. ನಾನಿರುವ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಶರತ್ಕಾಲದ ಶನಿವಾರ ಬಂತೆಂದರೆ ಊರಿಗೆ ಊರೇ ಜಾತ್ರೆ. ಅಷ್ಟು ಜನರ ನಡುವೆ ಏಳೆಂಟು ಜನ ತೀರ್ಪುಗಾರರು, ಕ್ಷಣಾರ್ಧದಲ್ಲಿ ಮುಗಿದುಹೋದದ್ದನ್ನು ಬರಿಗಣ್ಣಿನಲ್ಲಿ ನೋಡಿ ತೀರ್ಪು ಕೊಡಬೇಕು.

ಚಿತ್ರ ನೋಡಿ ತೀರ್ಪು ತಿದ್ದುವುದು ಹೊಸದೆಂದು ಅನೇಕರು ತಿಳಿದಿದ್ದಾರೆ. 1940ರ ನವೆಂಬರ್ 16ರಂದು ಕಾರ್ನೆಲ್ ಮತ್ತು ಡಾರ್ಟ್ಮತ್ ಕಾಲೇಜುಗಳ ನಡುವೆ ಪಂದ್ಯ ನಡೆಯಿತು. ಕಾರ್ನೆಲ್ ಆ ವರ್ಷ ಸೋಲನ್ನೇ ಕಾಣದ ತಂಡ. ಕೊನೆಯ ಕ್ಷಣಗಳಲ್ಲಿ ಅಂಕ ಗಳಿಸಿ 7–3ರಿಂದ ಗೆದ್ದಿತು. ಆದರೆ ರೆಫರಿ ಎಣಿಕೆ ತಪ್ಪಿ, ನಾಲ್ಕು ಅವಕಾಶದ ಬದಲು ಐದು ಕೊಟ್ಟಿದ್ದರು. ಗೆಲುವಿನ ಅಂಕ ಬಂದದ್ದು ಆ ಐದನೆಯ ಅವಕಾಶದಲ್ಲಿ. ಆಮೇಲೆ ಪಂದ್ಯದ ಫಿಲ್ಮ್ ನೋಡಿದಾಗ ಇದು ಸ್ಪಷ್ಟವಾಯಿತು. ರೆಫರಿ ರೆಡ್ ಫ್ರೀಸೆಲ್ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಪಂದ್ಯ ಮುಗಿದ ಮೇಲೆ ಫಲಿತಾಂಶ ಬದಲಿಸುವ ಅಧಿಕಾರ ಅವರಿಗಿರಲಿಲ್ಲ. ಕಾರ್ನೆಲ್‌ನವರೇ ಎದುರಾಳಿಗೆ ತಂತಿ ಕಳಿಸಿ ಗೆಲುವನ್ನು ಬಿಟ್ಟುಕೊಟ್ಟರು. ಇವತ್ತಿಗೂ ದಾಖಲೆಯಲ್ಲಿರುವುದು ಡಾರ್ಟ್ಮತ್ 3, ಕಾರ್ನೆಲ್ 0.

ಸರಿಯಾಗಿ ಐವತ್ತು ವರ್ಷದ ನಂತರ, 1990ರ ಅಕ್ಟೋಬರ್ 6ರಂದು ಕೊಲರಾಡೊ ಮತ್ತು ಮಿಸ್ಸೂರಿ ನಡುವಿನ ಪಂದ್ಯದಲ್ಲಿ ಇದೇ ತಪ್ಪು ಮರುಕಳಿಸಿತು. ಐದನೆಯ ಅವಕಾಶದಲ್ಲಿ ಅಂಕ ಗಳಿಸಿ ಕೊಲರಾಡೊ 33–31ರಿಂದ ಗೆದ್ದಿತು. ತೀರ್ಪುಗಾರರ ತಂಡ ಅಮಾನತಾಯಿತು, ಆದರೆ ಗೆಲುವು ಹಾಗೆಯೇ ಉಳಿಯಿತು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಪಟ್ಟದಲ್ಲೂ ಕೊಲರಾಡೊಗೆ ಪಾಲು ಸಿಕ್ಕಿತು. ಎರಡು ಪಂದ್ಯಗಳಲ್ಲೂ ತಪ್ಪು ಒಂದೇ, ಚಿತ್ರವೂ ಇತ್ತು. ಬೇರೆಯಾಗಿದ್ದದ್ದು ನೋಡಿದವರು ಏನು ಮಾಡಿದರು ಎಂಬುದು ಮಾತ್ರ.

ಆಟ ನಡೆಯುತ್ತಿರುವಾಗಲೇ ವಿಡಿಯೊ ನೋಡಿ ತಿದ್ದುವ ಪದ್ಧತಿಯನ್ನು ಕಾಲೇಜು ಆಟದಲ್ಲಿ ಮೊದಲು ಪ್ರಯೋಗ ಮಾಡಿದ್ದು 2004ರಲ್ಲಿ, ನಮ್ಮ ಭಾಗದ ಬಿಗ್ ಟೆನ್ ಒಕ್ಕೂಟ. 2006ರ ಹೊತ್ತಿಗೆ ಅದು ದೇಶದ ಮೇಲಿನ ದರ್ಜೆಯ ಕಾಲೇಜುಗಳಿಗೆಲ್ಲ ಬಂತು. ಕ್ರೀಡಾಂಗಣದ ಮೇಲಿನ ಒಂದು ಕೊಠಡಿಯಲ್ಲಿ ರಿಪ್ಲೇ ತೀರ್ಪುಗಾರ ಕುಳಿತಿರುತ್ತಾನೆ. ಅನುಮಾನ ಬಂದರೆ ಆಟ ನಿಲ್ಲಿಸುತ್ತಾನೆ. ತರಬೇತುದಾರನೂ ಒಂದು ಸಲ ಪ್ರಶ್ನಿಸಬಹುದು. ಬರುವ ತೀರ್ಪು ಮೂರು ಬಗೆ: ಮೈದಾನದ ತೀರ್ಪು ಖಚಿತವಾಯಿತು; ತೀರ್ಪು ಬದಲಾಯಿತು; ಖಚಿತಪಡಿಸಲೂ ಆಗಲಿಲ್ಲ, ಅಲ್ಲಗಳೆಯಲೂ ಆಗಲಿಲ್ಲ, ಆದ್ದರಿಂದ ಮೊದಲಿನದೇ ನಿಲ್ಲುತ್ತದೆ. ಬದಲಿಸಬೇಕಾದರೆ ನಿರ್ವಿವಾದವಾದ ಸಾಕ್ಷ್ಯ ಬೇಕು. ಕ್ರಿಕೆಟ್ ನೋಡುವ ನಿಮಗೆ 'ಅಂಪೈರ್ಸ್ ಕಾಲ್' ಗೊತ್ತಲ್ಲ, ಮೂರನೆಯದು ಹೆಚ್ಚುಕಡಿಮೆ ಅದೇ ತತ್ವ.

ಕ್ಯಾಮೆರಾ ಬಂದ ಮೇಲೆ ಜಗಳ ಮುಗಿಯಿತೇ? ಅದೇ 2006ರ ಸೆಪ್ಟೆಂಬರ್ 16ರಂದು ಓಕ್ಲಹೋಮ ಮತ್ತು ಆರೆಗನ್ ಪಂದ್ಯ. ಕೊನೆಗಳಿಗೆಯಲ್ಲಿ ಆರೆಗನ್ ತಂಡ ಚೆಂಡನ್ನು ಹತ್ತಿರಕ್ಕೇ ಒದ್ದು ತಾನೇ ಹಿಡಿಯಲು ನೋಡಿತು. ಹಾಗೆ ಒದ್ದ ಚೆಂಡು 10 ಗಜ ಹೋಗುವ ಮೊದಲು ಒದ್ದ ತಂಡದವರು ಮುಟ್ಟುವಂತಿಲ್ಲ. ಮುಟ್ಟಿದ್ದು ಟಿ.ವಿ.ಯಲ್ಲಿ ಕಾಣುತ್ತಿತ್ತು. ರಿಪ್ಲೇ ಕೊಠಡಿ ಪರಿಶೀಲಿಸಿಯೂ ಚೆಂಡನ್ನು ಆರೆಗನ್‌ಗೇ ಉಳಿಸಿತು. ಆರೆಗನ್ 34–33ರಿಂದ ಗೆದ್ದಿತು. ಒಕ್ಕೂಟ ಕ್ಷಮೆ ಕೇಳಿ ತೀರ್ಪುಗಾರರನ್ನು ಒಂದು ಪಂದ್ಯಕ್ಕೆ ಅಮಾನತು ಮಾಡಿತು. ರಿಪ್ಲೇ ಕೊಠಡಿಯಲ್ಲಿ ಕುಳಿತಿದ್ದವರ ಮನೆಗೆ ಬೆದರಿಕೆಯ ಕರೆಗಳು ಬಂದವು. ಮಕ್ಕಳೇ, ಆಟದ ತೀರ್ಪೊಂದಕ್ಕೆ ಒಬ್ಬ ಮನುಷ್ಯನ ಮನೆಯವರು ಹೆದರುವಂತಾಗುವುದು ನಾಚಿಕೆಗೇಡು.

ಈಗ ದಂಡದ ವಿಷಯಕ್ಕೆ ಬರೋಣ. ಕಾಲು ಗೆರೆಯ ಒಳಗಿತ್ತೇ ಹೊರಗಿತ್ತೇ, ಚೆಂಡು ನೆಲಕ್ಕೆ ತಾಗಿತೇ ಇಲ್ಲವೇ, ಇವು ಕ್ಯಾಮೆರಾ ಹೇಳಬಲ್ಲ ವಿಷಯಗಳು. ಆದರೆ ಒಬ್ಬ ಇನ್ನೊಬ್ಬನನ್ನು ಅಡ್ಡಿಪಡಿಸಿದನೇ, ಹಿಡಿದೆಳೆದದ್ದು ಆಟದ ಮಿತಿ ಮೀರಿತೇ ಎನ್ನುವುದು ಅಳತೆಯ ಪ್ರಶ್ನೆಯಲ್ಲ, ವಿವೇಚನೆಯ ಪ್ರಶ್ನೆ. ನಿಮಗೆ ಎಸ್.ಎಸ್.ಎಲ್.ಸಿ. ಉದಾಹರಣೆ ಕೊಡುತ್ತೇನೆ. ಮರುಎಣಿಕೆಗೆ ಹಾಕಿದರೆ ಕೂಡಿದ ಅಂಕ ಸರಿಯಿದೆಯೇ ಎಂದು ನೋಡುತ್ತಾರೆ; ಯಾರು ಕೂಡಿದರೂ ಉತ್ತರ ಒಂದೇ. ಮರುಮೌಲ್ಯಮಾಪನಕ್ಕೆ ಹಾಕಿದರೆ ನಿಮ್ಮ ಪ್ರಬಂಧಕ್ಕೆ ಮೂರು ಅಂಕವೋ ನಾಲ್ಕು ಅಂಕವೋ ಎಂದು ಇನ್ನೊಬ್ಬ ಮೇಷ್ಟ್ರು ಮತ್ತೆ ಯೋಚಿಸಬೇಕು. ವಿಡಿಯೊ ಎನ್ನುವುದು ಮರುಎಣಿಕೆಗೆ ಹೇಳಿ ಮಾಡಿಸಿದ ಸಾಧನ. ಮರುಮೌಲ್ಯಮಾಪನಕ್ಕೆ ಅದರಿಂದ ಸಹಾಯವಾಗುತ್ತದೆ, ಉತ್ತರ ಸಿಗುವುದಿಲ್ಲ.

ಅದಕ್ಕೇ ಕಾಲೇಜು ಫುಟ್‌ಬಾಲಿನಲ್ಲಿ ಬಹುತೇಕ ದಂಡಗಳು ವಿಡಿಯೊ ಪರಿಶೀಲನೆಯ ಹೊರಗಿವೆ. ಚೆಂಡು ಹಿಡಿಯಲು ಹೋದವನಿಗೆ ಅಡ್ಡಿ ಮಾಡಿದನೇ ಎಂದು ರಿಪ್ಲೇ ಕೊಠಡಿ ನೋಡುವುದಿಲ್ಲ. ಆದರೆ ಎಸೆದ ಚೆಂಡನ್ನು ಅದಕ್ಕೂ ಮೊದಲು ಬೇರೆ ಯಾರಾದರೂ ಮುಟ್ಟಿದ್ದರೇ ಎಂದು ನೋಡಬಹುದು, ಏಕೆಂದರೆ ಮುಟ್ಟಿದ್ದರೆ ಆ ಫೌಲೇ ಅನ್ವಯಿಸುವುದಿಲ್ಲ. ಈ ಗೆರೆ ದಾಟಲು ಹೋಗಿ ಕೈಸುಟ್ಟುಕೊಂಡದ್ದು ವೃತ್ತಿಪರರ ಲೀಗ್ ಎನ್.ಎಫ್.ಎಲ್. 2019ರ ಜನವರಿ 20ರಂದು ನ್ಯೂ ಆರ್ಲೀನ್ಸ್‌ನಲ್ಲಿ ಎಲ್ಲರಿಗೂ ಕಂಡ ಅಡ್ಡಿಯೊಂದಕ್ಕೆ ಹಳದಿ ಬಟ್ಟೆ ಬೀಳಲಿಲ್ಲ. ಊರಿನ ತಂಡ ಸೋತು ಫೈನಲ್ ತಪ್ಪಿಸಿಕೊಂಡಿತು. ಗಲಾಟೆಯಾಯಿತು. ಮುಂದಿನ ಋತುವಿಗೆ ಆ ಫೌಲನ್ನೂ ವಿಡಿಯೊ ನೋಡಿ ತೀರ್ಮಾನಿಸುವ ನಿಯಮ ತಂದರು. ಒಂದೇ ರೀತಿಯ ಎರಡು ಘಟನೆಗೆ ಎರಡು ರೀತಿಯ ತೀರ್ಪು ಬಂದು ಗೊಂದಲವೇ ಹೆಚ್ಚಾಯಿತು. ಒಂದೇ ವರ್ಷಕ್ಕೆ ನಿಯಮ ಕೈಬಿಟ್ಟರು.

ಆದರೂ ಒಂದು ದಂಡವನ್ನು ಕಾಲೇಜು ಆಟ ಗಟ್ಟಿಯಾಗಿ ವಿಡಿಯೊಗೆ ಒಪ್ಪಿಸಿದೆ. ಅದರ ಹೆಸರು ಟಾರ್ಗೆಟಿಂಗ್. ಹೆಲ್ಮೆಟ್ಟಿನ ನೆತ್ತಿಯಿಂದ ಎದುರಾಳಿಗೆ ಬಲವಾಗಿ ಗುದ್ದುವುದು, ಅಥವಾ ತನ್ನನ್ನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿರುವವನ ತಲೆ, ಕುತ್ತಿಗೆಗೆ ಬಲವಾಗಿ ಹೊಡೆಯುವುದು. ಚೆಂಡು ಹಿಡಿಯಲು ಕೈಯೆತ್ತಿ ಹಾರಿದವನಿಗೆ ಪಕ್ಕದಿಂದ ಬರುವವನು ಕಾಣುವುದಿಲ್ಲ. ಆ ಏಟಿನಿಂದ ಮೆದುಳಿಗೆ, ಬೆನ್ನುಹುರಿಗೆ ಆಗುವ ಹಾನಿ ಜೀವನಪರ್ಯಂತದ್ದು. 2008ರಲ್ಲಿ ಇದಕ್ಕೆಂದೇ 15 ಗಜದ ದಂಡ ಬಂತು. 2013ರಿಂದ ತಪ್ಪಿತಸ್ಥನನ್ನು ಪಂದ್ಯದಿಂದಲೇ ಹೊರಗೆ ಹಾಕುವ ನಿಯಮ. ಎರಡನೆಯ ಅರ್ಧದಲ್ಲಿ ತಪ್ಪಾದರೆ ಮುಂದಿನ ಪಂದ್ಯದ ಮೊದಲರ್ಧವೂ ಇಲ್ಲ ಎಂದು ಆಗ ಗೊತ್ತುಮಾಡಿದ್ದರು. ಶಿಕ್ಷೆ ದೊಡ್ಡದಾದ್ದರಿಂದ ವಿಡಿಯೊ ನೋಡಲೇಬೇಕು ಎಂದರು.

ಆ ಮೊದಲ ವರ್ಷ ಒಂದು ತಮಾಷೆಯಾಯಿತು. ವಿಡಿಯೊ ನೋಡಿ ಹುಡುಗನ ತಪ್ಪಿಲ್ಲ ಎಂದು ಒಳಗೆ ಬಿಟ್ಟರೂ 15 ಗಜದ ದಂಡ ಮಾತ್ರ ಹಾಗೆಯೇ ಉಳಿಯುತ್ತಿತ್ತು. ನೀನು ಕದ್ದಿಲ್ಲ, ಜೈಲಿಗೆ ಹೋಗಬೇಡ, ಜುಲ್ಮಾನೆ ಮಾತ್ರ ಕಟ್ಟು ಎಂದ ಹಾಗೆ! 2014ರಲ್ಲಿ ಅದನ್ನು ತಿದ್ದಿದರು. 2016ರಲ್ಲಿ ಮೈದಾನದಲ್ಲಿ ಯಾರೂ ಕಾಣದ ಟಾರ್ಗೆಟಿಂಗನ್ನು ರಿಪ್ಲೇ ಕೊಠಡಿಯೇ ಹಿಡಿಯಬಹುದು ಎಂದರು. 2019ರ ಬದಲಾವಣೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಆ ಮೂರನೆಯ ಬಗೆಯ ತೀರ್ಪು, ಅಂದರೆ ಗೊತ್ತಾಗುತ್ತಿಲ್ಲ, ಮೊದಲಿನದೇ ನಿಲ್ಲಲಿ ಎನ್ನುವುದನ್ನು ಟಾರ್ಗೆಟಿಂಗ್ ವಿಷಯದಲ್ಲಿ ತೆಗೆದುಹಾಕಿದರು. ಫೌಲಿನ ಪ್ರತಿಯೊಂದು ಅಂಶವೂ ವಿಡಿಯೊದಲ್ಲಿ ಖಚಿತವಾಗಬೇಕು, ಇಲ್ಲವಾದರೆ ಹುಡುಗ ಆಟಕ್ಕೆ ವಾಪಸು. ಅಂದರೆ ಅನುಮಾನದ ಲಾಭ ಆರೋಪ ಹೊತ್ತವನಿಗೆ. ಅದೇ ವರ್ಷ, ಒಂದೇ ಋತುವಿನಲ್ಲಿ ಮೂರು ಸಲ ಇದೇ ತಪ್ಪು ಮಾಡಿದವನಿಗೆ ಇನ್ನೊಂದು ಪೂರ್ತಿ ಪಂದ್ಯದ ನಿಷೇಧವನ್ನೂ ಸೇರಿಸಿದರು. ಒಂದು ಕೈಯಲ್ಲಿ ಕರುಣೆ, ಇನ್ನೊಂದರಲ್ಲಿ ಬೆತ್ತ.

ಇಷ್ಟಾದರೂ ವಿವಾದ ನಿಂತಿಲ್ಲ. 2025ರ ಜನವರಿ 1ರಂದು ಅಟ್ಲಾಂಟಾದಲ್ಲಿ ರಾಷ್ಟ್ರೀಯ ಪ್ಲೇಆಫ್‌ನ ಕ್ವಾರ್ಟರ್ ಫೈನಲ್. ಟೆಕ್ಸಸ್ ಮತ್ತು ಅರಿಜೋನಾ ಸ್ಟೇಟ್ 24–24ರಲ್ಲಿ ಸಮ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇರುವಾಗ ಚೆಂಡು ಹಿಡಿದ ಅರಿಜೋನಾದ ಆಟಗಾರನಿಗೆ ಟೆಕ್ಸಸ್ ರಕ್ಷಣಾ ಆಟಗಾರ ಡಿಕ್ಕಿ ಹೊಡೆದ. ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿತು. ಮೈದಾನದಲ್ಲಿ ಹಳದಿ ಬಟ್ಟೆ ಬೀಳಲಿಲ್ಲ. ರಿಪ್ಲೇ ಕೊಠಡಿ ಆಟ ನಿಲ್ಲಿಸಿ ನೋಡಿ, ಟಾರ್ಗೆಟಿಂಗ್ ಅಲ್ಲ ಎಂದಿತು. ಹೌದು ಎಂದಿದ್ದರೆ ಅರಿಜೋನಾಗೆ 15 ಗಜ, ಹೊಸದಾಗಿ ನಾಲ್ಕು ಅವಕಾಶ ಸಿಗುತ್ತಿತ್ತು. ಸಿಗಲಿಲ್ಲ. ಹೆಚ್ಚುವರಿ ಆಟದಲ್ಲಿ ಟೆಕ್ಸಸ್ 39–31ರಿಂದ ಗೆದ್ದಿತು. ಲಕ್ಷಾಂತರ ಜನ ಅದೇ ದೃಶ್ಯವನ್ನು ಅದೇ ಕೋನದಿಂದ ನೋಡಿದರು. ಅರ್ಧ ಜನ ಹೌದು ಎಂದರು, ಅರ್ಧ ಜನ ಅಲ್ಲ ಎಂದರು. ಚಿತ್ರ ಮಸುಕಾಗಿರಲಿಲ್ಲ. ನಿಯಮದ ಮಾತುಗಳನ್ನು ಆ ಚಿತ್ರಕ್ಕೆ ಹೊಂದಿಸುವುದರಲ್ಲೇ ಭಿನ್ನಾಭಿಪ್ರಾಯವಿತ್ತು.

ಇನ್ನೊಂದು ಸೂಕ್ಷ್ಮ ಇದೆ. ನಿಧಾನಗತಿಯಲ್ಲಿ ನೋಡಿದರೆ ಸತ್ಯ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2016ರಲ್ಲಿ ಬಂದ ಅಧ್ಯಯನವೊಂದು ಬೇರೆಯದನ್ನೇ ತೋರಿಸಿತು: ಅದೇ ಘಟನೆಯನ್ನು ನಿಧಾನವಾಗಿ ನೋಡಿದವರು, ಮಾಡಿದವನು ಬೇಕೆಂದೇ ಮಾಡಿದ ಎಂದು ಹೇಳುವುದು ಹೆಚ್ಚು. ಕ್ಷಣಾರ್ಧದಲ್ಲಿ ನಡೆದದ್ದನ್ನು ಎಳೆದು ಉದ್ದ ಮಾಡಿದಾಗ ಅವನಿಗೆ ಯೋಚಿಸಲು ಸಮಯವಿತ್ತು ಎನಿಸಿಬಿಡುತ್ತದೆ. ನಮ್ಮ ಹಿರಿಯರು ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು. ಕ್ಯಾಮೆರಾ ತೋರಿಸುವುದೂ ಒಂದು ಪ್ರತ್ಯಕ್ಷವೇ. ಅದನ್ನೂ ಪ್ರಮಾಣಿಸಿ ನೋಡಬೇಕು.

ಹಾಗಾದರೆ ವಿಡಿಯೊ ಬೇಡವೇ? ಖಂಡಿತ ಬೇಕು. ತಪ್ಪಿಲ್ಲದ ಹುಡುಗನೊಬ್ಬ ಹೊರಗೆ ಕೂರುವುದು ತಪ್ಪಿದರೆ, ಇನ್ನೊಬ್ಬನ ತಲೆ ಉಳಿದರೆ, ಆಟ ಎರಡು ನಿಮಿಷ ನಿಂತದ್ದು ದಂಡವಲ್ಲ. ಆದರೆ ಯಂತ್ರ ಬಂದಿದೆ, ಇನ್ನು ಮನುಷ್ಯನ ವಿವೇಕ ಬೇಡ ಎನ್ನುವಂತಿಲ್ಲ. ಎಷ್ಟು ಖಚಿತವಾದರೆ ಶಿಕ್ಷೆ, ಅನುಮಾನವಿದ್ದರೆ ಲಾಭ ಯಾರಿಗೆ, ಇವನ್ನು ಮನುಷ್ಯರೇ ಕೂತು ತೀರ್ಮಾನಿಸಬೇಕು, ತಪ್ಪು ಕಂಡರೆ ನಿಯಮವನ್ನೇ ತಿದ್ದಬೇಕು. ಹಾಗೆ ತೀರ್ಮಾನಿಸಿದ್ದನ್ನು ಜನರ ಮುಂದಿಡಬೇಕು. 2025ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟ ಕೆಲವು ಪಂದ್ಯಗಳಲ್ಲಿ ರಿಪ್ಲೇ ತೀರ್ಪುಗಾರರ ಮಾತುಕತೆಯನ್ನು ಟಿ.ವಿ. ನೋಡುವವರಿಗೂ ನೇರವಾಗಿ ಕೇಳಿಸತೊಡಗಿತು. ಒಪ್ಪದವರಿಗೂ ಕಾರಣ ಕೇಳಿಸುತ್ತದೆ. ಕಾರಣ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ.

ಮಕ್ಕಳೇ, ನಿಮ್ಮ ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಕ್ಕೆ ಕ್ಯಾಮೆರಾ ಬರುವುದಿಲ್ಲ. ಅಲ್ಲಿ ಇರುವುದು ಸುಣ್ಣದ ಗೆರೆ, ಒಂದು ಸೀಟಿ, ಬಿಸಿಲಿನಲ್ಲಿ ನಿಂತ ಒಬ್ಬ ಮೇಷ್ಟ್ರು. ಅವರ ಕಣ್ಣಿಗೆ ಬೀಳದ್ದು ನಿಮಗೆ ಗೊತ್ತಿರುತ್ತದೆ. ಬೆರಳು ತಾಗಿತೋ ಇಲ್ಲವೋ ಎಂಬುದು ತಾಗಿಸಿಕೊಂಡವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಆಗ ಕೈಯೆತ್ತಿ ಹೊರಗೆ ಬರುವ ಹುಡುಗನನ್ನು, ಹುಡುಗಿಯನ್ನು ಈ ಶಾಲೆ ಇನ್ನೂ ಐವತ್ತು ವರ್ಷ ತಯಾರು ಮಾಡುತ್ತಿರಲಿ ಎಂದು ಹಾರೈಸುತ್ತೇನೆ.