ಕಾಲೇಜಿಗಿಂತ ಮೊದಲು ಆಸ್ಪತ್ರೆಯನ್ನು ನೋಡಿ
(ಸಂಸ್ಥೆಯ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದೇ ಮಾತು: ಮಗು ಡಾಕ್ಟರ್ ಆಗಬೇಕು. ನೀಟ್‌ನಲ್ಲಿ ಸೀಟು ಸಿಗದಿದ್ದರೆ ಯಾರಾದರೂ ಬಂದು, "ಫಾರ್ಮ್ ಡಿ ಮಾಡಿಸಿ, ಅದರಲ್ಲೂ ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ" ಎನ್ನುತ್ತಾರೆ. ಅಷ್ಟು ಮಾತಿಗೇ ಒಡವೆ ಅಡವಿಗೆ ಹೋಗುತ್ತದೆ, ಸೈಟು ಮಾರಾಟಕ್ಕೆ ಬರುತ್ತದೆ. ಆರು ವರ್ಷದ ಓದು ಮತ್ತು ಒಂದು ಕುಟುಂಬದ ಉಳಿತಾಯ ಪಣಕ್ಕಿರುವಾಗ ಎರಡು ಅಕ್ಷರ ನೋಡಿ ತೀರ್ಮಾನ ಮಾಡಬಾರದು.

ಮೊದಲು ಈ ಪದವಿ ಏನೆಂದು ತಿಳಿಯೋಣ. ಡಾಕ್ಟರ್ ಆಫ್ ಫಾರ್ಮಸಿ ಎಂಬ ಕೋರ್ಸನ್ನು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ 2008ರ ನಿಯಮಾವಳಿಯ ಮೂಲಕ ನಮ್ಮ ದೇಶದಲ್ಲಿ ಜಾರಿಗೆ ತಂದಿತು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯ. ಮೂರನೆಯದು ಜೀವಶಾಸ್ತ್ರ ಇಲ್ಲವೆ ಗಣಿತ. ಡಿ.ಫಾರ್ಮ್ ಪಾಸಾದವರೂ ಸೇರಬಹುದು. ಬಿ.ಫಾರ್ಮ್ ಮುಗಿಸಿದವರಿಗೆ ಮೂರು ವರ್ಷದ ಬೇರೆ ದಾರಿ ಇದೆ. ಇದನ್ನು ಓದಿದವರು ರೋಗ ಪತ್ತೆ ಮಾಡಿ ಚೀಟಿ ಬರೆಯುವ ವೈದ್ಯರಲ್ಲ. ವೈದ್ಯರು ಬರೆದ ಔಷಧ ಈ ರೋಗಿಗೆ ಸರಿಹೊಂದುತ್ತದೆಯೇ, ಒಂದು ಔಷಧ ಇನ್ನೊಂದರ ಕೆಲಸ ಕೆಡಿಸುತ್ತಿದೆಯೇ, ಪ್ರಮಾಣ ಹೆಚ್ಚಾಗಿದೆಯೇ ಎಂದು ವಾರ್ಡಿನಲ್ಲಿ ನಿಂತು ನೋಡುವವರು, ವೈದ್ಯರಿಗೆ ತಿಳಿಸುವವರು, ರೋಗಿಗೆ ವಿವರಿಸುವವರು.

ಹಾಗಾದರೆ ಈ ವಿದ್ಯೆ ಸಿಗುವುದು ಎಲ್ಲಿ? ತರಗತಿಯಲ್ಲಿ ಅರ್ಧ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಅರ್ಧ. ಆದುದರಿಂದ ನನ್ನ ಮಾತಿನ ಸಾರ ಇಷ್ಟೆ: ಕಾಲೇಜಿನ ಕಟ್ಟಡ ನೋಡುವ ಮೊದಲು ಅದರ ಆಸ್ಪತ್ರೆಯನ್ನು ನೋಡಿ.

ನಿಯಮಾವಳಿಯೂ ಇದನ್ನೇ ಹೇಳುತ್ತದೆ. ಫಾರ್ಮ್ ಡಿ ನಡೆಸುವ ಕಾಲೇಜಿಗೆ 300 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು, ಇಲ್ಲವೆ ಅಂಥ ಆಸ್ಪತ್ರೆಯೊಡನೆ ಲಿಖಿತ ಒಪ್ಪಂದ ಇರಬೇಕು. ಎರಡು, ಮೂರು, ನಾಲ್ಕನೆಯ ವರ್ಷಗಳಲ್ಲಿ ವಿದ್ಯಾರ್ಥಿ ಪ್ರತಿವರ್ಷ ಕನಿಷ್ಠ 50 ಗಂಟೆ ಆಸ್ಪತ್ರೆಯಲ್ಲಿ ಕಲಿಯಬೇಕು. ಐದನೆಯ ವರ್ಷ ದಿನವೂ ಬೆಳಗಿನ ಅರ್ಧ ದಿನ ವಾರ್ಡ್ ರೌಂಡ್. ಆರನೆಯ ವರ್ಷ ಆರು ತಿಂಗಳು ಜನರಲ್ ಮೆಡಿಸಿನ್ ವಿಭಾಗ, ಉಳಿದ ಆರು ತಿಂಗಳಲ್ಲಿ ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಇದೆಲ್ಲ ಕಾಗದದಲ್ಲಿ ಇದ್ದರೆ ಸಾಲದು, ನಡೆಯಬೇಕು.

ಅದನ್ನು ತಿಳಿಯುವುದು ಕಷ್ಟವಲ್ಲ. ವಾರದ ದಿನ ಬೆಳಿಗ್ಗೆ ಆ ಆಸ್ಪತ್ರೆಗೆ ಹೋಗಿ. ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ? ರೌಂಡಿನಲ್ಲಿ ವೈದ್ಯರ ಜೊತೆ ಫಾರ್ಮಸಿ ವಿದ್ಯಾರ್ಥಿಗಳಿದ್ದಾರೆಯೇ, ಅಥವಾ ಔಷಧದ ಕೌಂಟರಿನಲ್ಲಿ ಕುಳಿತು ಮಾತ್ರೆ ಎಣಿಸುತ್ತಿದ್ದಾರೆಯೇ? ಕಾಲೇಜಿನಿಂದ ಆಸ್ಪತ್ರೆ ಎಷ್ಟು ದೂರ, ಬಸ್ ಯಾರದು? ಐದು, ಆರನೆಯ ವರ್ಷದ ಇಬ್ಬರನ್ನು ಮಾತನಾಡಿಸಿ. "ನಿನ್ನೆ ವಾರ್ಡಿನಲ್ಲಿ ಯಾವ ರೋಗಿಯ ಚೀಟಿ ಪರಿಶೀಲಿಸಿದಿರಿ?" ಎಂದು ಕೇಳಿ. ಅವರ ಉತ್ತರ ಕಾಲೇಜಿನ ಬಣ್ಣದ ಪುಸ್ತಕಕ್ಕಿಂತ ಹೆಚ್ಚು ಹೇಳುತ್ತದೆ. ಕಳೆದ ತಂಡದವರು ಈಗ ಎಲ್ಲಿದ್ದಾರೆ ಎಂದೂ ಕೇಳಿ.

ಎರಡನೆಯದು ಮಾನ್ಯತೆ. ಒಂದು ಕಾಲೇಜಿಗೆ ಬಿ.ಫಾರ್ಮ್‌ಗೆ ಅನುಮತಿ ಇದ್ದ ಮಾತ್ರಕ್ಕೆ ಫಾರ್ಮ್ ಡಿಗೂ ಇದೆ ಎಂದು ತಿಳಿಯಬೇಡಿ. ಕೌನ್ಸಿಲ್‌ನ ಅನುಮೋದನೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಈ ಕೋರ್ಸಿನ ಹೆಸರಿನಲ್ಲೇ ಇರಬೇಕು. ನಮ್ಮ ರಾಜ್ಯದಲ್ಲಿ ಸಿಇಟಿ ಮೂಲಕವೂ ಫಾರ್ಮ್ ಡಿ ಸೀಟು ಹಂಚಿಕೆಯಾಗುತ್ತದೆ. ಅದನ್ನು ಬರೆಯದೆ ನೇರವಾಗಿ ಏಜೆಂಟರ ಬಳಿ ಓಡಬೇಡಿ.

ಮೂರನೆಯದು ಹಣ. ಮೊದಲ ವರ್ಷದ ಫೀಸು ಕೇಳಿ ಸಮಾಧಾನಪಡುವವರೇ ಹೆಚ್ಚು. ಆರು ವರ್ಷದ್ದನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ: ಬೋಧನಾ ಶುಲ್ಕ, ಪರೀಕ್ಷೆ, ಹಾಸ್ಟೆಲ್, ಓಡಾಟ. ಇಂಟರ್ನ್‌ಶಿಪ್ ವರ್ಷಕ್ಕೂ ಫೀಸು ಇದೆಯೇ, ಸ್ಟೈಪೆಂಡ್ ಕೊಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯ ಬಗ್ಗೆ ವಿಚಾರಿಸಿ. ಅದು ಸಾಲ, ಮರಳಿಸಬೇಕಾದ ಹಣ ಎಂಬುದು ನೆನಪಿರಲಿ.

ಮುಂದಿನ ಕೆಲಸದ ಮಾತೂ ಸ್ಪಷ್ಟವಾಗಿರಲಿ. ಔಷಧದಂಗಡಿ ತೆರೆಯುವುದೇ ಗುರಿಯಾದರೆ ಎರಡು ವರ್ಷದ ಡಿ.ಫಾರ್ಮ್ ಅಥವಾ ನಾಲ್ಕು ವರ್ಷದ ಬಿ.ಫಾರ್ಮ್ ಸಾಕು; ಅದರಲ್ಲಿ ಕೀಳರಿಮೆ ಬೇಡ. ಫಾರ್ಮ್ ಡಿ ಮಾಡಿದವರಿಗೆ ದೊಡ್ಡ ಆಸ್ಪತ್ರೆಗಳು, ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸುವ ಕಂಪನಿಗಳು, ಔಷಧ ಪ್ರಯೋಗ ನಡೆಸುವ ಸಂಸ್ಥೆಗಳು, ಕಾಲೇಜು ಬೋಧನೆ ಇವೆ. ಗಲ್ಫ್ ದೇಶಗಳಿಗೆ ಹೋಗುವವರಿಗೆ ಅಲ್ಲಿಯ ಪರವಾನಗಿ ಪರೀಕ್ಷೆ ಬೇರೆಯೇ ಇರುತ್ತದೆ. ಅಮೆರಿಕದ ಪರೀಕ್ಷೆಗೆ 2003ರಿಂದೀಚೆಗೆ ಪದವಿ ಪಡೆದ ವಿದೇಶೀಯರಿಗೆ ಕನಿಷ್ಠ ಐದು ವರ್ಷದ ಫಾರ್ಮಸಿ ಪಠ್ಯಕ್ರಮ ಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಒಂದೇ ಅಲ್ಲಿ ಸಾಲದು.

ಹೆಣ್ಣುಮಕ್ಕಳ ತಂದೆ ತಾಯಿಯರಿಗೆ ಒಂದು ಮಾತು. ಹದಿನೆಂಟಕ್ಕೆ ಸೇರಿದ ಹುಡುಗಿಗೆ ಕೋರ್ಸು ಮುಗಿಯುವಾಗ ಇಪ್ಪತ್ನಾಲ್ಕು. ನಾಲ್ಕನೆಯ ವರ್ಷದಲ್ಲಿ ಮದುವೆಯ ಮಾತೆತ್ತಿ ಓದು ನಿಲ್ಲಿಸಿದರೆ ಕೈಯಲ್ಲಿ ಯಾವ ಪದವಿಯೂ ಉಳಿಯುವುದಿಲ್ಲ. ಆರು ವರ್ಷ ಓದಿಸುತ್ತೇವೆ ಎಂದು ಮನೆಯವರೆಲ್ಲ ಸೇರಿಸುವ ಮೊದಲೇ ಮಾತು ಕೊಡಿ. ಅದು ಆಗದಿದ್ದರೆ ಬಿ.ಫಾರ್ಮ್ ಮಾಡಿಸಿ; ಮುಂದೆ ಅನುಕೂಲವಾದರೆ ಆ ಮೂರು ವರ್ಷದ ದಾರಿ ತೆರೆದೇ ಇರುತ್ತದೆ.

ಕೊನೆಗೆ, ಭಾಷೆ ಕಲಿಸುವವರಿಗೆ ಕಾಣುವ ಒಂದು ವಿಷಯ. ಹನ್ನೊಂದನೆಯ ಶತಮಾನದ ಅಲ್‌ಬಿರೂನಿ ತಮ್ಮ ಔಷಧ ಗ್ರಂಥ 'ಕಿತಾಬುಸ್ಸೈದನಾ'ದಲ್ಲಿ ಒಂದೊಂದು ಮದ್ದಿನ ಹೆಸರನ್ನೂ ಹಲವು ಭಾಷೆಗಳಲ್ಲಿ ಕೊಟ್ಟಿದ್ದಾರೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಇಂದೂ ಅಷ್ಟೆ. ಸಕ್ಕರೆ ಕಾಯಿಲೆಯ ಅಜ್ಜಿ ರಂಜಾನಿನಲ್ಲಿ ರೋಜಾ ಹಿಡಿಯುತ್ತೇನೆ ಎಂದಾಗ, ಬೆಳಗಿನ ಮಾತ್ರೆಯನ್ನು ಎಂದಿನಂತೆ ನುಂಗಿ ದಿನವಿಡೀ ಉಪವಾಸವಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಸಹರಿಗೆ ಎಷ್ಟು, ಇಫ್ತಾರಿಗೆ ಎಷ್ಟು ಎಂದು ವೈದ್ಯರನ್ನು ಕೇಳಿ, ಅಜ್ಜಿಗೆ ಅವರ ದಖನಿಯಲ್ಲೇ ತಿಳಿಹೇಳುವವರು ಬೇಕು. ಪಕ್ಕದ ಹಾಸಿಗೆಯ ರೈತನಿಗೆ ಕನ್ನಡದಲ್ಲಿ ಹೇಳುವವರೂ ಬೇಕು. ನಮ್ಮ ಮಕ್ಕಳಿಗೆ ಎರಡೂ ಬರುತ್ತವೆ. ಇದು ಯಾವ ಕಾಲೇಜೂ ಮಾರಲಾಗದ ಆಸ್ತಿ.

ಆದುದರಿಂದ ವಿದ್ಯಾರ್ಥಿ ಮಿತ್ರರೇ, ಅರ್ಜಿ ತುಂಬುವ ಮೊದಲು ಒಂದು ಬೆಳಿಗ್ಗೆ ಆ ಆಸ್ಪತ್ರೆಯ ವಾರ್ಡಿನಲ್ಲಿ ನಡೆದು ಬನ್ನಿ. ಅಲ್ಲಿ ಆರು ವರ್ಷ ಕಲಿಯಬಲ್ಲೆ ಎನ್ನಿಸಿದರೆ ಸೇರಿ. ಅಲ್ಲಾಹನು ನಿಮಗೆ ಉಪಯುಕ್ತ ವಿದ್ಯೆಯನ್ನೂ, ಅದರಿಂದ ಜನರ ಸೇವೆ ಮಾಡುವ ತೌಫೀಕನ್ನೂ ದಯಪಾಲಿಸಲಿ. ಆಮೀನ್.