ಹಿಮದ ಬೆಟ್ಟವೂ ನಮ್ಮ ಬಂಡೆಯ ಬೆಟ್ಟವೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹೊಳಗುಂದದ ಬಿಸಿಲಿನಲ್ಲಿ ಕುಳಿತು ಹಿಮದ ಮಾತನ್ನಾಡುವುದು ತಮಗೆ ವಿನೋದವಾಗಿ ತೋರಬಹುದು. ಆದರೆ ಬೆಟ್ಟ ಹತ್ತುವ ಮಕ್ಕಳು ಈ ಸೀಮೆಯಲ್ಲಿ ಕಡಮೆಯಿಲ್ಲ. ದೇವರಗಟ್ಟಿನ ಮಾಳಮಲ್ಲೇಶ್ವರನ ಬೆಟ್ಟವನ್ನು ಕಾಣದ ಮಗುವಾದರೂ ಈ ಸಭೆಯಲ್ಲಿ ಉಂಟೆ? ಗೆಳೆಯರೊಡನೆ ಬೆಟ್ಟಕ್ಕೆ ಹೋಗುವವರೂ, ಅವರನ್ನು ಕಳುಹಿಸಿ ಸಂಜೆ ಬಾಗಿಲಲ್ಲಿ ಕಾಯುವ ತಂದೆತಾಯಿಗಳೂ ಕೇಳಬೇಕಾದ ಸಂಗತಿಯೊಂದು ಹಿಮದ ನಾಡಿನವರಲ್ಲಿದೆ.

ಹೊಸ ಹಿಮದ ಮೇಲೆ ಬರಿಯ ಬೂಟಿನಿಂದ ನಡೆದರೆ ಕಾಲು ಮೊಣಕಾಲಿನವರೆಗೂ ಹೂತುಹೋಗುತ್ತದೆ. ಆದುದರಿಂದ ಅಲ್ಲಿಯವರು ಹೆಚ್ಚುಕಡಮೆ ಆಳುದ್ದದ ಎರಡು ಹಲಗೆಗಳನ್ನು ಪಾದಗಳಿಗೆ ಬಿಗಿದುಕೊಳ್ಳುತ್ತಾರೆ. ಇವೇ ಸ್ಕೀಗಳು. ಕಾಶ್ಮೀರದ ಗುಲ್‌ಮಾರ್ಗಿನಲ್ಲಿ ತಂತಿಯ ಮೇಲೆ ಸಾಗುವ ತೊಟ್ಟಿಲಿನಲ್ಲಿ ಏರಿ, ಸ್ಕೀಗಳ ಮೇಲೆ ಜಾರುತ್ತ ಇಳಿಯುವ ಅನುಕೂಲವುಂಟು. ನಾವು ಹೇಳಹೊರಟಿರುವುದು ಅದನ್ನಲ್ಲ. ನಾಲ್ಕೈದು ಮಂದಿ ಗೆಳೆಯರು ಬುತ್ತಿ ಕಟ್ಟಿಕೊಂಡು, ದಾರಿಯಿಲ್ಲದ ಬೆಟ್ಟವನ್ನು ಸ್ವಂತ ಕಾಲಬಲದಿಂದಲೇ ಏರಿ ಇಳಿಯುವ ಪರಿಯನ್ನು.

ಜಾರುವ ಹಲಗೆಯ ಮೇಲೆ ನಿಂತು ಏರುವುದು ಹೇಗೆ? ಹಲಗೆಯ ಅಡಿಗೆ ರೋಮದ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಅದರ ರೋಮಗಳೆಲ್ಲ ಹಿಂದಕ್ಕೆ ಮಲಗಿರುತ್ತವೆ. ಹಲಗೆ ಮುಂದಕ್ಕೆ ಸರಾಗವಾಗಿ ಸರಿಯುತ್ತದೆ, ಹಿಂದಕ್ಕೆ ಜಾರಹೋದರೆ ರೋಮಗಳು ನಿಮಿರಿ ಹಿಮವನ್ನು ಹಿಡಿದುಕೊಳ್ಳುತ್ತವೆ. ಎಮ್ಮೆಯ ಮೈಯನ್ನು ತಲೆಯಿಂದ ಬಾಲದ ಕಡೆಗೂ, ಬಾಲದಿಂದ ತಲೆಯ ಕಡೆಗೂ ಸವರಿ ನೋಡಿದ ಹುಡುಗನಿಗೆ ಈ ತತ್ತ್ವವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಹಿಂದೆ ಇದಕ್ಕೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮ ಬಳಕೆಯಲ್ಲಿತ್ತು. ಈಗ ನೈಲಾನು, ಮೇಕೆಯ ಉಣ್ಣೆ. ನೆತ್ತಿ ಮುಟ್ಟಿದ ಮೇಲೆ ಪಟ್ಟಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಇಳಿಯುತ್ತಾರೆ. ಗಂಟೆಗಟ್ಟಲೆ ಏರಿದ್ದು ನಿಮಿಷಗಳಲ್ಲಿ ತೀರುತ್ತದೆ. (ಈ ಆಟ ಕನ್ನಡಿಗರಿಗೆ ಸಲ್ಲದೆಂದು ಯಾರೂ ಭಾವಿಸಬಾರದು. ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ ಸ್ಕೀ ಓಟದಲ್ಲಿ ಚಿನ್ನದ ಪದಕಗಳನ್ನು ಗಳಿಸಿದ್ದಾರೆ.)

ಇನ್ನು ಅಪಾಯದ ಮಾತು. ಲಂಬಕೋನದ ಮೂರನೆಯ ಒಂದು ಭಾಗದಿಂದ ಅರ್ಧದವರೆಗಿನ, ಎಂದರೆ 30ರಿಂದ 45 ಡಿಗ್ರಿಯ, ಇಳಿಜಾರಿನಲ್ಲಿ ಹಿಮದ ಪದರವು ಕಳಚಿ ಉರುಳುವುದು ಹೆಚ್ಚು. 2023ರ ಫೆಬ್ರವರಿ 1ರಂದು ಗುಲ್‌ಮಾರ್ಗಿನ ಅಫರ್ವತ್ ಬೆಟ್ಟದಲ್ಲಿ ಹೀಗೆ ಉರುಳಿದ ಹಿಮಕ್ಕೆ ಪೋಲೆಂಡ್ ದೇಶದ ಇಬ್ಬರು ಬಲಿಯಾದರು. 19 ಮಂದಿಯನ್ನು ರಕ್ಷಿಸಲಾಯಿತು. ಹೂತುಹೋದವನನ್ನು ಹತ್ತು ನಿಮಿಷದೊಳಗೆ ತೆಗೆದರೆ ಬದುಕುವ ಆಶೆ ಬಹಳ, ಅರ್ಧ ಗಂಟೆ ಕಳೆದರೆ ಅತ್ಯಲ್ಪ. ಅಷ್ಟರಲ್ಲಿ ಊರಿನಿಂದ ಯಾರು ಬಂದಾರು? ಬಗಲಿನಲ್ಲಿರುವ ಗೆಳೆಯನೇ ಗತಿ. ಅದಕ್ಕಾಗಿ ಪ್ರತಿಯೊಬ್ಬನೂ ಸಲಿಕೆ, ಹಿಮವನ್ನು ಚುಚ್ಚಿ ನೋಡುವ ಉದ್ದನೆಯ ಕೋಲು, ಹೂತವನಿರುವ ಜಾಗವನ್ನು ತಿಳಿಸುವ ರೇಡಿಯೋ ಯಂತ್ರ, ಈ ಮೂರನ್ನೂ ಒಯ್ಯುತ್ತಾನೆ. ತನಗಾಗಿಯಲ್ಲ, ಜೊತೆಯವನಿಗಾಗಿ! ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟುತ್ತಾರೆ, ಉಳಿದವರು ಕಣ್ಣು ತೆಗೆಯದೆ ನೋಡುತ್ತಿರುತ್ತಾರೆ. ಗುಂಪಿನಲ್ಲಿ ಒಬ್ಬನು ‘ಬೇಡ’ ಎಂದರೆ ಎಲ್ಲರೂ ಹಿಂದಿರುಗುವುದು ಬಲ್ಲವರ ಕಟ್ಟಳೆ. ಈ ಕಟ್ಟಳೆಯು ನಮಗೆ ಬಹಳ ಮೆಚ್ಚಾಯಿತು.

ನಮ್ಮ ಬೆಟ್ಟಗಳಲ್ಲಿ ಹಿಮವಿಲ್ಲ, ಬಂಡೆಯುಂಟು. ಹಿಮಾಲಯವು ಏಳತೊಡಗಿ ಸುಮಾರು 5 ಕೋಟಿ ವರ್ಷಗಳಾದರೆ, ನಮ್ಮ ಸೀಮೆಯ ಶಿಲೆಗಳಿಗೆ 250 ಕೋಟಿಯಷ್ಟು ವಯಸ್ಸು. ಹಿಮದವರಿಗೆ ಹೊಸ ಹಿಮ ಶತ್ರುವಾದರೆ ನಮಗೆ ಬಿಸಿಲು. ಕಳೆದ ಮಾಘದಲ್ಲಿ ನಾವು ಐವರು ಗೆಳೆಯರು ನಸುಕಿನಲ್ಲೇ ಹೊರಟು, ದೇವರಗಟ್ಟಿನ ಗುಡಿಯನ್ನು ದಾಟಿ ಬಂಡೆಗಳ ನೆತ್ತಿಯತ್ತ ಏರಿದೆವು. ಕೆಳಗೆ ಎರೆಹೊಲಗಳು ಕಂಬಳಿ ಹಾಸಿದಂತೆ ಕಾಣುತ್ತಿದ್ದವು. ಹತ್ತು ಗಂಟೆಯ ಹೊತ್ತಿಗೆ ಬಂಡೆ ಕಾದು ಅಂಗೈ ಊರಲಾಗದಂತಾಯಿತು, ನೀರು ಅರ್ಧಕ್ಕಿಳಿಯಿತು. ನಮ್ಮಲ್ಲಿ ಕಿರಿಯರೊಬ್ಬರು ಸೆಳೆತ ಹಿಡಿದ ಕಾಲನ್ನು ಒತ್ತಿಕೊಳ್ಳುತ್ತ, “ಅಣ್ಣಾ, ನನಗೆ ಆಗದು, ನೀವು ಹೋಗಿ ಬನ್ನಿ” ಎಂದರು. ನೆತ್ತಿ ಕೂಗಳತೆಯಲ್ಲಿತ್ತು. “ಇಷ್ಟು ದೂರ ಬಂದು ಬಿಡುವುದೆ?” ಎಂದು ಇನ್ನೊಬ್ಬರು ಗೊಣಗಿದರು. ಹಿರಿಯರು ಮಾತನಾಡಲಿಲ್ಲ. ತಮ್ಮ ನೀರಿನ ಸೀಸೆಯನ್ನು ಕಿರಿಯರ ಕೈಗಿತ್ತು, ಅವರ ಚೀಲವನ್ನು ತಮ್ಮ ಹೆಗಲಿಗೇರಿಸಿ, ಕೆಳಮೊಗವಾಗಿ ತಿರುಗಿ ನಿಂತರು.

ಕಿರಿಯರನ್ನು ನಡುವಿರಿಸಿಕೊಂಡು, ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ಇಳಿದೆವು. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದಾಗ, ಎಲ್ಲರಿಗಿಂತ ಮೊದಲು ನಕ್ಕವರು ಆ ಗೊಣಗಿದವರೇ.