ಹಾಲಿನ ಲೆಕ್ಕವೂ ಹಾಲಿನಷ್ಟೇ ಶುದ್ಧವಿರಲಿ

(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಸಂತೋಷದಲ್ಲಿ ಇಂದು ಎಲ್ಲರೂ ಸೇರಿದ್ದೇವೆ. ಈ ಇಷ್ಟೂ ವರ್ಷ ನಾವು ಕೇಳುತ್ತ ಬಂದ ಮಾತು ಒಂದೇ: "ಹಾಲು ಹಾಕೂದು ಎರಡ ಮಿನಿಟು, ಬರಿಯೂದು ಯಾಕ್ರೀ ಇಷ್ಟ?" ಇವತ್ತು ಅದಕ್ಕೆ ಉತ್ತರ ಹೇಳಬೇಕೆಂದಿದ್ದೇವೆ.

1970ರಲ್ಲಿ ದೇಶದಲ್ಲಿ 'ಆಪರೇಷನ್ ಫ್ಲಡ್' ಯೋಜನೆ ಆರಂಭವಾಯಿತು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಹೊರದೇಶದ ಹಾಲಿನ ಪುಡಿ, ತುಪ್ಪದಂಥ ಬಟರ್ ಆಯಿಲ್ ದಾನವಾಗಿ ಬಂದವು. ಡಾ. ವರ್ಗೀಸ್ ಕುರಿಯನ್ನರು ಅದನ್ನು ಪುಕ್ಕಟೆ ಹಂಚಗೊಡಲಿಲ್ಲ. ಅದರಿಂದ ಹಾಲು ಮಾಡಿ ಪಟ್ಟಣಗಳಲ್ಲಿ ಮಾರಿ, ಬಂದ ರೊಕ್ಕವನ್ನು ಡೇರಿಗಳಿಗೆ, ಹಳ್ಳಿಯ ಸಂಘಗಳಿಗೆ ಹಾಕಿಸಿದರು. ಮುಂದೆ ವಿಶ್ವಬ್ಯಾಂಕಿನ ಸಾಲವೂ ಬಂತು. ಪರರ ರೊಕ್ಕ ಬಂದಲ್ಲಿ ಲೆಕ್ಕ ಕೇಳುವವರೂ ಬರುತ್ತಾರೆ. ಎಷ್ಟು ಸಂಘ, ಎಷ್ಟು ಸದಸ್ಯರು, ದಿನಕ್ಕೆ ಎಷ್ಟು ಹಾಲು? ಈ ಪ್ರಶ್ನೆ ಮೇಲಿನಿಂದ ಇಳಿದು ಇಳಿದು ಕೊನೆಗೆ ಹಳ್ಳಿಯ ಕಾರ್ಯದರ್ಶಿಯ ರಜಿಸ್ಟರಿಗೆ ಬಂದು ನಿಲ್ಲುತ್ತಿತ್ತು.

ಧಾರವಾಡ ಹಾಲು ಒಕ್ಕೂಟ ಹುಟ್ಟಿದ್ದು 1986ರಲ್ಲಿ. ಆಪರೇಷನ್ ಫ್ಲಡ್ ಮುಗಿದದ್ದು 1996ರಲ್ಲಿ. ನಮ್ಮ ಸಂಘ ಅದರ ನಂತರದ್ದು. ದಾನದ ಪುಡಿಯನ್ನು ನಾವು ಕಣ್ಣಿಂದ ಕಂಡವರಲ್ಲ, ಆದರೆ ಲೆಕ್ಕದ ಶಿಸ್ತು ನಮಗೆ ಬಳುವಳಿಯಾಗಿ ಬಂದಿದೆ. ಅಳತೆ, ಜಿಡ್ಡಿನಂಶ, ದರ, ಬಟವಡೆ, ಎಲ್ಲಕ್ಕೂ ಒಂದೊಂದು ಕಾಲಮ್ಮು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2008ರಿಂದ ರಾಜ್ಯ ಸರಕಾರ ಹಾಲಿಗೆ ಪ್ರೋತ್ಸಾಹಧನ ಕೊಡುತ್ತಿದೆ. ಈಗ ಅದು ನೇರವಾಗಿ ಉತ್ಪಾದಕರ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಮಳೆ ಕೈಕೊಟ್ಟ ಒಂದು ವರ್ಷ, ಒಂದೇ ಎಮ್ಮಿ ಕಟ್ಟಿದ್ದ ನಮ್ಮ ತಾಯಿಯೊಬ್ಬರಿಗೆ ನಾಲ್ಕು ತಿಂಗಳು ಆ ರೊಕ್ಕ ಬರಲಿಲ್ಲ. "ಸರಕಾರದ್ದು, ಬಂದಾಗ ಬರ್ತದ" ಎಂದು ಅವರು ಸುಮ್ಮನಿದ್ದರು. ಮಗಳ ಹಾಸ್ಟೆಲ್ ಫೀ ಕಟ್ಟಲು ಕೈಸಾಲ ಮಾಡಿದರು. ನಾವೂ ಮೇಲಿನ ಆಫೀಸನ್ನೇ ದೂರಿದೆವು. ಕಡೆಗೆ ತೆಗೆದು ನೋಡಿದರೆ, ನಾವು ಕಳಿಸಿದ ಪಟ್ಟಿಯಲ್ಲೇ ಖಾತೆ ನಂಬರಿನ ಒಂದು ಅಂಕಿ ತಪ್ಪಿತ್ತು!

ಅಂದಿನಿಂದ ಪಟ್ಟಿ ಕಳಿಸುವ ಮೊದಲು ಸದಸ್ಯರ ಪಾಸ್‌ಬುಕ್ ಇಟ್ಟುಕೊಂಡು ಇಬ್ಬರು ಕೂತು ತಾಳೆ ನೋಡುತ್ತೇವೆ.

ಬಂಧುಗಳೆ, ನಿಮ್ಮ ಚೀಟಿ ನೀವೇ ಓದಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿರಿ. ಸಂಶಯ ಬಂದರೆ ಕೌಂಟರಿನಲ್ಲೇ ಕೇಳಿರಿ, ನಾಚಬೇಡಿರಿ. ಲೆಕ್ಕ ಬರೆಯುವುದು ಮೇಲಿನವರಿಗಾಗಿ ಅಲ್ಲ, ನಸುಕಿನಾಗ ಎದ್ದು ಹಾಲು ಹಿಂಡುವ ಕೈಗಾಗಿ.